ಒಳಗಿನ ಹಿಡಿ

ನಮ್ಮ ಮಾವನ ಬಗ್ಗೆ ಈ ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು, ಗಾಣದೆತ್ತಿನ ಹಾಗೆ ದುಡಿದ ಮನುಷ್ಯ. ಹೀಗೆ ಹೇಳುವವರಲ್ಲಿ ಅರ್ಧ ಜನ ಬೆನ್ನ ಹಿಂದೆ ಅವರನ್ನು ಕಳ್ಳಕೀಲಿ ಎಂದು ಕರೆಯುವವರು. ಇನ್ನರ್ಧ ಜನಕ್ಕೆ ಅಷ್ಟು ಸಂಕೋಚವೂ ಇಲ್ಲ, ಎದುರಿಗೇ ಕರೆಯುತ್ತಾರೆ. ನಾನು ಆ ಮನೆಯ ಸೊಸೆ. ಮಾವನ ದುಡಿಮೆ ಎಷ್ಟು ದೊಡ್ಡದೋ ಸಿಟ್ಟೂ ಅಷ್ಟೇ ದೊಡ್ಡದು, ಅದರಲ್ಲಿ ನನ್ನ ಪಾಲು ನನಗೆ ತಪ್ಪದೆ ಬಂದಿದೆ. ಹಾಗಾಗಿ ಹೊಗಳುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಮಾವ ಬೀಗ ರಿಪೇರಿಯವರು. ಗಡಿಯ ಆಚೆಯ ದೇಶದವರು. ಅಲ್ಲಿ ಅವರ ಅಪ್ಪನ ಕಾಲದಿಂದ ಬಂದ ಬೀಗದ ಅಂಗಡಿ ಇತ್ತಂತೆ. ಒಂದು ದಿನ ಆ ಅಂಗಡಿ ತಮಗೆ ಬೇಕೆಂದವರು ಬಂದರು. ಅವರಿಗೆ ಬೀಗ ತೆಗೆಸುವ ಗೊಡವೆಯೇ ಬೇಕಾಗಲಿಲ್ಲ, ಬಾಗಿಲನ್ನೇ ಕಿತ್ತು ಹಾಕಿದರು. ಬಸುರಿ ಹೆಂಡತಿಯನ್ನು ಕರೆದುಕೊಂಡು, ಕೀಲಿಯ ಹಲ್ಲು ಉಜ್ಜುವ ಅರಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮಾವ ಈ ಊರಿಗೆ ಬಂದರು. ನಮ್ಮ ಭಾಷೆಯನ್ನು ಬೇಗ ಕಲಿತರು. ಹರಟೆಯನ್ನು ಮಾತ್ರ ಇವತ್ತಿಗೂ ಕಲಿತಿಲ್ಲ. ಬೇಕಾದಷ್ಟು ಮಾತಾಡಿ, ಬಾಯಿ ಮುಚ್ಚಿ, ಮತ್ತೆ ಅರ ಹಿಡಿಯುತ್ತಾರೆ.

ಅಂಗಡಿ ಎಂದರೆ ಮನೆಯ ಮುಂಭಾಗದ ಒಂದು ಕೋಣೆ. ನಡುವೆ ನಿಂತು ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಬೆಂಚಿನ ತುದಿಗೆ ಕೀಲಿಯನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್, ಅದರ ಪಕ್ಕ ಕೀಲಿ ಕತ್ತರಿಸುವ ಯಂತ್ರ, ಗೋಡೆಯ ತುಂಬ ಮೊಳೆಗಳಿಗೆ ನೇತುಬಿದ್ದ ಹಲ್ಲಿಲ್ಲದ ಕೀಲಿಗಳು. ನೆಲದ ಮೇಲೆ, ಬೆಂಚಿನ ಮೇಲೆ, ಮಾವನ ಹುಬ್ಬಿನಲ್ಲಿ ಲೋಹದ ಪುಡಿ. ಅವರ ಅಂಗಿಯನ್ನು ನೀರಿಗೆ ಹಾಕುವ ಮೊದಲು ಅತ್ತೆ ಅದರ ಮೇಲೆ ಅಯಸ್ಕಾಂತ ಆಡಿಸುತ್ತಾರೆ. ಕಬ್ಬಿಣದ ಪುಡಿ ಅಂಟಿಕೊಂಡು ಬರುತ್ತದೆ, ಹಿತ್ತಾಳೆಯದು ಬರುವುದಿಲ್ಲ. ಉಳಿದದ್ದು ಊಟಕ್ಕಾಗುತ್ತದೆ ಎಂದು ಅತ್ತೆ ನಗುತ್ತಾರೆ. ಆ ಮನೆಯಲ್ಲಿ ನಗುವುದು ಅವರೊಬ್ಬರೇ.

ಅಂಗಡಿಗೆ ರಜೆ ಎನ್ನುವುದು ಇಲ್ಲ. ಹೆಂಡತಿ ಹೆತ್ತ ದಿನ ಸೂಲಗಿತ್ತಿಯನ್ನು ಒಳಗೆ ಬಿಟ್ಟು ಮಾವ ಹೊರಗೆ ಬೀಗ ಬಿಚ್ಚುತ್ತಾ ಕೂತಿದ್ದರು. ಮಗನ ಮದುವೆಯ ದಿನ ಮಧ್ಯಾಹ್ನದ ಮೇಲೆ ಅಂಗಡಿ ತೆಗೆದರು. ನಿಮ್ಮ ಮಾವ ಸತ್ತ ದಿನವೂ ಮಧ್ಯಾಹ್ನದ ಮೇಲೆ ತೆಗೀತಾರೆ ನೋಡು ಎಂದು ಅತ್ತೆ ನನಗೆ ಹೇಳಿದ್ದುಂಟು. ಮಗನಿಗೂ ಕೆಲಸ ಕಲಿಸಲು ನೋಡಿದರು. ಒಂದು ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಕೀಲಿಯನ್ನು ಕಿತ್ತುಕೊಂಡು ಬೀದಿಗೆ ಎಸೆಯುತ್ತಿದ್ದರಂತೆ. ಬೀದಿಯ ಜನ ನೋಡುತ್ತಿರುವಾಗ ಮಗ ಹೋಗಿ ಅದನ್ನು ಹೆಕ್ಕಿ ತರಬೇಕು. ಒಂದು ದಿನ ಹೆಕ್ಕಲು ಹೋದವರು ಹಾಗೇ ಮುಂದೆ ಹೋಗಿ ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿದರು. ನಾನು ಮದುವೆಯಾದದ್ದು ಆ ಡಿಪೋದ ಬಸ್ ಡ್ರೈವರನ್ನು.

ಇನ್ನು ನನ್ನ ತವರು. ಅದು ಹತ್ತೂರು ದೂರದಲ್ಲೇನಿಲ್ಲ, ಬೀದಿಯ ಆ ಬದಿಗೇ ಇದೆ. ಕೆಳಗೆ ನಮ್ಮಪ್ಪನ ದಿನಸಿ ಅಂಗಡಿ, ಮೇಲೆ ಮನೆ. ಮಾವ ಬೆಂಚಿನಿಂದ ತಲೆಯೆತ್ತಿದರೆ ನಮ್ಮಪ್ಪನ ತಕ್ಕಡಿ ಕಾಣುತ್ತದೆ, ನಮ್ಮಪ್ಪ ತಕ್ಕಡಿಯಿಂದ ಕಣ್ಣೆತ್ತಿದರೆ ಮಾವನ ವೈಸ್ ಕಾಣುತ್ತದೆ. ಇಬ್ಬರೂ ಜೀವನವಿಡೀ ಒಬ್ಬರನ್ನೊಬ್ಬರು ನೋಡುತ್ತಲೇ ಕೂತವರು, ಒಂದು ಒಳ್ಳೆಯ ಮಾತು ಆಡಿದವರಲ್ಲ.

ಶುರುವಾದದ್ದು ಒಂದು ಉಂಗುರದಿಂದ. ಮಾವ ಬಂದ ಹೊಸತರಲ್ಲಿ ನಮ್ಮಪ್ಪ ಬೀರುವಿನ ಕೀಲಿ ಕಳೆದುಕೊಂಡು ಅವರನ್ನು ಕರೆಸಿದರು. ಮಾವ ಬಂದು ಬೀರು ತೆಗೆದು ಹೋದರು. ಅವತ್ತು ಸಂಜೆ ನಮ್ಮಜ್ಜಿಯ ಉಂಗುರ ಕಾಣಲಿಲ್ಲ. ಅಪ್ಪ ಹಿಂದೆ ಮುಂದೆ ನೋಡಲಿಲ್ಲ, ಸೀದಾ ಹೋಗಿ ಮಾವನ ಕೊರಳಪಟ್ಟಿ ಹಿಡಿದು ನಡುಬೀದಿಗೆ ಎಳೆದರು. ಬೀಗ ತೆಗೆಯುವ ನೆಪದಲ್ಲಿ ಬೀರುವಿನ ಒಳಗೆ ಕಣ್ಣಾಡಿಸಿದ್ದಾನೆ, ನಾನೇ ಕಂಡಿದ್ದೇನೆ ಎಂದರು. ಪೊಲೀಸರು ಕರೆದುಕೊಂಡು ಹೋದರು. ತಿರುಗಿ ಬಂದಾಗ ಮಾವನ ಒಂದು ಕಿವಿ ಊದಿಕೊಂಡಿತ್ತು. ಆ ಕಿವಿ ಈಗಲೂ ಸರಿಯಾಗಿ ಕೇಳುವುದಿಲ್ಲ. ಉಂಗುರ ಎಲ್ಲಿತ್ತು ಎಂದರೆ ಹಿಟ್ಟಿನ ಡಬ್ಬದಲ್ಲಿ. ಹಿಟ್ಟು ತೆಗೆಯುವಾಗ ಅಜ್ಜಿಯ ಬೆರಳಿಂದ ಜಾರಿತ್ತು. ಈ ಸುದ್ದಿಯನ್ನೂ ಅಪ್ಪ ಹೋಗಿ ಹೇಳಲಿಲ್ಲ, ಬೀದಿಯ ಕ್ಷೌರಿಕ ಹೇಳಿದ. ಸಿಕ್ಕಿತಲ್ಲ, ಇನ್ನೇನು ಎನ್ನುವುದು ಅಪ್ಪನ ಮಾತು.

ಅವತ್ತಿನಿಂದ ಮಾವ ಕೆಲಸದ ರೀತಿಯನ್ನೇ ಬದಲಿಸಿದರು. ಯಾರ ಮನೆಯ ಬೀಗವೇ ಇರಲಿ, ತೆಗೆದ ಮೇಲೆ ಬಾಗಿಲನ್ನು ಒಂದು ಬೆರಳು ಹೋಗುವಷ್ಟು ಮಾತ್ರ ಸರಿಸುತ್ತಾರೆ. ತಕ್ಷಣ ಬೆನ್ನು ತಿರುಗಿಸುತ್ತಾರೆ. ಮನೆಯವರು ಒಳಗೆ ಹೋಗಬೇಕು, ಹೋಗಿ ಬಾಗಿಲು ಮುಂದೆ ಮಾಡಬೇಕು, ಆಮೇಲೆ ಇವರು ಈ ಕಡೆ ತಿರುಗಿ ಸಾಮಾನು ಕಟ್ಟುತ್ತಾರೆ. ನೀರು ಬೇಕೇ ಎಂದರೆ ಬೇಡ. ಒಳಗೆ ಬನ್ನಿ ಎಂದರೆ ಇಲ್ಲ. ಊರಿನ ಅರ್ಧ ಬಾಗಿಲುಗಳನ್ನು ತೆಗೆದ ಮನುಷ್ಯ ಒಂದು ಮನೆಯ ಒಳಗೂ ಕಣ್ಣು ಹಾಯಿಸಿಲ್ಲ. ಜನ ಅದನ್ನು ಮರ್ಯಾದೆ ಎಂದುಕೊಂಡರು. ನನಗೆ ಗೊತ್ತು, ಅದು ಮರ್ಯಾದೆಯಲ್ಲ, ಬೈಗುಳ. ಪ್ರತಿ ಸಲ ಬೆನ್ನು ತಿರುಗಿಸುವಾಗಲೂ ಅವರು ಈ ಬೀದಿಯ ಮುಖಕ್ಕೆ ಉಗಿಯುತ್ತಿದ್ದರು.

ನಮ್ಮಪ್ಪ ತನ್ನ ಕಡೆಯಿಂದ ಬೇರೆ ಊರಿಂದ ಬೀಗಗಳನ್ನು ತರಿಸಿ ಮನೆಗೆಲ್ಲ ಹಾಕಿಸಿದರು, ಎದುರಿನವನ ಕೈಗೆ ಅದರ ಮರ್ಮ ಸಿಗಬಾರದು ಎಂದು. ಇಂಥ ಎರಡು ಮನೆಗಳ ನಡುವೆ ನನಗೂ ಬಸ್ ಡ್ರೈವರಿಗೂ ಮದುವೆ ಎಂದರೆ ಕೇಳಬೇಕೆ. ನಾನು ಹೊರಟ ದಿನ ಅಪ್ಪ ಬೀದಿಗೆಲ್ಲ ಕೇಳುವ ಹಾಗೆ, ಕಳ್ಳಕೀಲಿ ಕೊನೆಗೂ ನನ್ನ ಮನೆಯ ಬೀಗ ತೆಗೆದ ಎಂದರು. ಬೀಗದವನು ಬೀಗನಾದ ಎಂದು ಬೀದಿಯವರು ಹಲ್ಲು ಕಿರಿದದ್ದು ಬೇರೆ, ಆ ಹಳಸಲು ನಗೆಯನ್ನು ಮತ್ತೆ ಬಡಿಸುವುದು ಬೇಡ. ಮಾವನಾದರೂ ನನ್ನನ್ನು ಬಾಯಿ ತುಂಬ ಕರೆದುಕೊಂಡರೇ? ಎದುರು ಮನೆಯ ಕಣ್ಣು ನಮ್ಮ ಮನೆಯೊಳಗೆ ಬಂತು ಎಂದರು. ಹೆಸರು ಹಿಡಿದು ಕರೆದದ್ದಿಲ್ಲ. ನನ್ನ ಬಗ್ಗೆ ಮಾತು ಬಂದರೆ "ಎದುರು ಮನೆ" ಎನ್ನುತ್ತಾರೆ. ಎದುರು ಮನೆ ಊಟ ಮಾಡಿತೇ, ಎದುರು ಮನೆ ಎಲ್ಲಿಗೆ ಹೋಗಿದೆ. ಅರ ಮುಟ್ಟಿದರೆ ಕಣ್ಣು ಕೆಂಪಗಾಗುತ್ತಿತ್ತು. ನಾನೂ ಸುಮ್ಮನಿರುವವಳಲ್ಲ, ಒಂದಕ್ಕೆರಡು ಕೊಟ್ಟಿದ್ದೇನೆ.

ನನಗೆ ಬೀದಿಯ ಆ ಬದಿಯಿಂದ ಬೇಕಾದದ್ದು ಒಂದೇ, ನನ್ನಮ್ಮ. ಬೇರೆ ಏನನ್ನೂ ನಾನು ಕೇಳಿಲ್ಲ. ನನ್ನ ಮಗಳು ಹುಟ್ಟಿದಾಗ ಅಮ್ಮ ತಡೆಯಲಾರದೆ ಹಾಡುಹಗಲೇ ಬೀದಿ ದಾಟಿ ಬಂದರು. ನಮ್ಮ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದರು. ಮಾವ ಬೆಂಚಿನಲ್ಲಿ ಕೂತು ನೋಡಿದರು, ಬನ್ನಿ ಎನ್ನಲಿಲ್ಲ, ಅರ ಆಡಿಸುತ್ತಲೇ ಇದ್ದರು. ಅತ್ತೆ ಒಳಗಿಂದ ಓಡಿ ಬರುವಷ್ಟರಲ್ಲಿ ದಿನಸಿ ಅಂಗಡಿಯಿಂದ ಅಪ್ಪನ ಗುಡುಗು ಕೇಳಿತು. ಅಮ್ಮ ಇಟ್ಟ ಕಾಲು ತೆಗೆದರು. ಮಗು ನೋಡದೆ ವಾಪಸ್ಸು ಹೋದರು. ಅಪ್ಪನ ಮೇಲೆ ನನಗೆ ಎಷ್ಟು ಕೋಪವೋ, ಅವತ್ತು ಬಾಯಿ ಬಿಡದ ಮಾವನ ಮೇಲೂ ಅಷ್ಟೇ ಕೋಪ.

ಆಮೇಲೆ ಅಮ್ಮ ಹಗಲಿನಲ್ಲಿ ಕಾಣಲೇ ಇಲ್ಲ. ಅಪ್ಪ ಅಂಗಡಿ ತೆಗೆಯುವ ಮೊದಲು ಒಂದಿಷ್ಟು ಹೊತ್ತು, ಮುಚ್ಚಿದ ಮೇಲೆ ಒಂದಿಷ್ಟು ಹೊತ್ತು ಬೀದಿಯ ಕಡೆಯ ಕಿಟಕಿಯಲ್ಲಿ ಬಂದು ನಿಲ್ಲುತ್ತಿದ್ದರು. ನಾನು ಮಗಳನ್ನು ಎತ್ತಿ ತೋರಿಸುತ್ತಿದ್ದೆ. ಮಗಳು ದೊಡ್ಡವಳಾಗಿ ಎತ್ತುವುದು ಕಷ್ಟವಾದ ಮೇಲೆ ಕುರ್ಚಿಯ ಮೇಲೆ ನಿಲ್ಲಿಸಿ ತೋರಿಸಿದೆ. ಹಗಲೆಲ್ಲ ಎಲ್ಲಿರುತ್ತಾರೆ ಎಂದು ಕ್ಷೌರಿಕನ ಮೂಲಕ ಕೇಳಿಸಿದರೆ, ಮೈಯಲ್ಲಿ ಹುಷಾರಿಲ್ಲ, ಹಿಂದಿನ ಕೋಣೆಯಲ್ಲಿ ಮಲಗಿರುತ್ತಾಳೆ ಎಂದು ಅಪ್ಪ ಹೇಳಿ ಕಳಿಸಿದರು. ನಾನು ನಂಬಿದೆ. ಅಮ್ಮನಿಗೂ ನಾನು ಬೇಡವಾದೆನೇನೋ ಎಂದು ಸಿಟ್ಟನ್ನೂ ಮಾಡಿಕೊಂಡೆ.

ಹೀಗೇ ವರ್ಷಗಳು ಹೋದವು. ಒಂದು ದಿನ ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ ದಿನಸಿ ಅಂಗಡಿಯ ಮಹಡಿಯಲ್ಲಿ ಏನೋ ಧೊಪ್ಪನೆ ಬಿದ್ದ ಸದ್ದು. ಅಪ್ಪ ತಕ್ಕಡಿ ಬಿಟ್ಟು ಮೇಲಕ್ಕೆ ಓಡಿದರು. ಗಾಬರಿಯಲ್ಲಿ ಕೀಲಿಯನ್ನು ಅಡ್ಡ ತಿರುಗಿಸಿದರೋ ಏನೋ, ಅದು ಬೀಗದೊಳಗೇ ಮುರಿಯಿತು. ಒಳಗಿಂದ ಅಮ್ಮನ ನರಳಾಟ. ಬಡಗಿಯನ್ನು ಕರೆಸಿದರು. ಆತ ಬಾಗಿಲು ತಟ್ಟಿ ನೋಡಿ, ದಪ್ಪ ಮರ, ಮೇಲೆ ತಗಡು ಬೇರೆ ಹೊಡೆಸಿದ್ದೀರಿ, ಒಡೆಯಲು ಅರ್ಧ ದಿನ ಹಿಡಿಯುತ್ತದೆ ಎಂದ. ಎದುರಿಗೇ ಬೀಗದವರು ಇದ್ದಾರಲ್ಲ ಎಂದು ಕ್ಷೌರಿಕ ಬಾಯಿ ಹಾಕಿದ. ಅಪ್ಪ ಮತ್ತೆ ಬಾಗಿಲಿಗೆ ಹೆಗಲು ಕೊಟ್ಟರು. ಕ್ಷೌರಿಕ ತಾನೇ ಬೀದಿ ದಾಟಿ ಬಂದ.

ಮಾವ ಅರ ಕೆಳಗಿಡಲಿಲ್ಲ. ಯಾರು ಕರೆದರು ಎಂದು ಕೇಳಿದರು. ನಾನೇ ಕರೀತಿದ್ದೀನಿ ಎಂದ ಕ್ಷೌರಿಕ. ಮನೆಯವರು ಕರೆಯಲಿ ಎಂದರು ಮಾವ. ನಾನು ಆಗಲೇ ನಮ್ಮ ಮನೆಯ ಪಕ್ಕದ ಓಣಿಯಿಂದ ಓಡಿ ಬಂದು ಅಂಗಡಿಯ ಮುಂದೆ ನಿಂತಿದ್ದೆ. ಬಿದ್ದವರು ನನ್ನಮ್ಮ, ನಾನೇ ಕರೆಯುತ್ತಿದ್ದೇನೆ ಎಂದೆ. ಮಾವ ನನ್ನ ಕಡೆ ನೋಡಲೂ ಇಲ್ಲ. ಕೊನೆಗೆ ಅಪ್ಪ ತಮ್ಮ ಅಂಗಡಿಯ ಮೆಟ್ಟಿಲಿಗೆ ಬಂದು, ಆಕಾಶ ನೋಡುತ್ತಾ, "ಬಾಗಿಲು ತೆಗೀಬೇಕಂತೆ" ಎಂದರು. ಯಾರಿಗೋ ಬೇಕಂತೆ, ಇವರಿಗಲ್ಲ. ಮಾವ ಸಾಮಾನು ಸುತ್ತಿದ ಬಟ್ಟೆಯ ಸುರುಳಿ ಕೈಗೆತ್ತಿಕೊಂಡು ಹೊರಟರು. ನಾನೂ ಹಿಂದೆಯೇ ಹೊರಟೆ. ಇವಳು ಯಾಕೆ ಎಂದು ಅಪ್ಪ ತಡೆದಾಗ ಮಾವ, ಟಾರ್ಚ್ ಹಿಡಿಯಲು ಒಬ್ಬರು ಬೇಕು ಎಂದರು. ಅವರು ನನ್ನನ್ನು ಕೆಲಸದ ಹತ್ತಿರ ಬಿಟ್ಟುಕೊಂಡದ್ದು ಅದೇ ಮೊದಲು. ಅಮ್ಮನ ಮೇಲಿನ ಕರುಣೆಗೋ, ಅಪ್ಪನ ಹೊಟ್ಟೆ ಉರಿಸಲಿಕ್ಕೋ, ನಾನು ಕೇಳಿಲ್ಲ.

ಮಹಡಿಯ ಒಳಹಾದಿ ಕತ್ತಲು. ಹಿಂದಿನ ಕೋಣೆಯ ಬಾಗಿಲ ಮುಂದೆ ಮಾವ ಮೊಣಕಾಲೂರಿ ಕೂತರು. ನಾನು ಬೆಳಕು ಹಿಡಿದೆ. ಬೆಳಕು ಅತ್ತಿತ್ತ ಸರಿಯಿತು, ನೆಟ್ಟಗೆ ಹಿಡಿ ಎಂದು ಗದರಿದರು. ಸಣ್ಣ ಗರಗಸದ ತುಂಡಿನಿಂದ ಮುರಿದ ಕೀಲಿಯನ್ನು ಎಳೆದು ತೆಗೆದರು. ಆಮೇಲೆ ಬಾಗಿದ ಕಂಬಿ ಹಾಕಿ, ಸರಿಯಾದ ಕಿವಿಯನ್ನು ಬೀಗಕ್ಕೆ ಹತ್ತಿರ ಹಿಡಿದು, ಒಳಗಿನ ಒಂದೊಂದೇ ಕಡ್ಡಿಯನ್ನು ಎತ್ತಿದರು. ಬೀಗ ತಿರುಗಿತು. ಮುಚ್ಚಿದರೆ ತಾನಾಗಿ ಕಚ್ಚಿಕೊಳ್ಳುವ ಜಾತಿಯ ಬೀಗ ಅದು. ಮಾವ ಬಾಗಿಲನ್ನು ಒಂದು ಬೆರಳಷ್ಟು ಸರಿಸಿ, ಎದ್ದು, ಬೆನ್ನು ತಿರುಗಿಸಿ ನಿಂತರು. ಅಭ್ಯಾಸ ಬಲ. ನಾನು ಒಳಗೆ ನುಗ್ಗಬೇಕು ಎನ್ನುವಷ್ಟರಲ್ಲಿ ಅಪ್ಪ ನನ್ನನ್ನು ಪಕ್ಕಕ್ಕೆ ತಳ್ಳಿ ತಾವು ಹೋದರು. ಹೋದವರು, ಕಳ್ಳಕೀಲಿಗೂ ಓಡಿಹೋದ ಮಗಳಿಗೂ ತನ್ನ ಕೋಣೆ ಕಾಣಬಾರದು ಎಂದು, ಬಾಗಿಲನ್ನು ಧಡಾರನೆ ನೂಕಿ ಮುಚ್ಚಿಕೊಂಡರು. ಬೀಗ ಕಚ್ಚಿಕೊಂಡಿತು.

ಒಳಗೆ ಸ್ವಲ್ಪ ಹೊತ್ತು ಪರದಾಟದ ಸದ್ದು. ಮರದ ಮೇಲೆ ಕೈ ಸವರುವ ಸದ್ದು. ಆಮೇಲೆ ಅಪ್ಪನ ದನಿ, "ಏಯ್, ಬಾಗಿಲು ತೆಗಿ."

"ಒಳಗಿಂದ ಹಿಡಿ ತಿರುಗಿಸಿ, ಬರುತ್ತೆ" ಎಂದರು ಮಾವ, ಬೆನ್ನು ತಿರುಗಿಸಿಕೊಂಡೇ.

"ಹಿಡಿ ಇಲ್ಲ."

"ಎಲ್ಲಿ ಹೋಯ್ತು?"

ಒಳಗೆ ಮತ್ತೆ ಮರ ಸವರುವ ಸದ್ದು. ಮಾವ ಮೆಲ್ಲಗೆ ಈ ಕಡೆ ತಿರುಗಿದರು. ಇಷ್ಟು ವರ್ಷ ಬೀಗದ ಕೆಲಸ ಮಾಡಿದವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನಗೂ ಬೇಕಾಗಲಿಲ್ಲ. ಒಳಗಿನ ಹಿಡಿ ಬಿದ್ದುಹೋದದ್ದಲ್ಲ, ಬಿಚ್ಚಿ ತೆಗೆದದ್ದು. ಅಪ್ಪ ಅಂಗಡಿಗೆ ಇಳಿಯುವಾಗ ಬಾಗಿಲು ಎಳೆದುಕೊಂಡು ಹೋದರೆ ಆಯಿತು, ಸಂಜೆ ಅವರು ಕೀಲಿ ಹಾಕಿ ತೆಗೆಯುವ ತನಕ ಅಮ್ಮ ಹೊರಗೆ ಬರುವ ಹಾಗಿಲ್ಲ. ಹಗಲಿನಲ್ಲಿ ಅಮ್ಮ ಕಾಣದಿದ್ದುದಕ್ಕೆ ಕಾರಣ ಇದು. ಹುಷಾರಿಲ್ಲದೆ ಮಲಗಿದ್ದರಂತೆ! ಸಂಜೆ ಮಗಳನ್ನು ಕುರ್ಚಿಯ ಮೇಲೆ ನಿಲ್ಲಿಸಿ ತೋರಿಸಲು ನಾನು ಕಾಯುತ್ತಿದ್ದ ಹಗಲುಗಳಲ್ಲೆಲ್ಲ ಅಮ್ಮ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕೂತಿದ್ದರು. ತಾನೇ ಬಿಚ್ಚಿದ ಹಿಡಿಯನ್ನು ಮರೆತು ನಮ್ಮಪ್ಪ ಈಗ ತಾನೇ ಅದರೊಳಗೆ ಸಿಕ್ಕಿಬಿದ್ದಿದ್ದರು. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಟಾರ್ಚಿನಿಂದ ಯಾರ ತಲೆಗಾದರೂ ಹೊಡೆಯಬೇಕು ಎನಿಸಿತು.

ಮಾವ ಬಾಗಿಲು ತೆಗೆಯಲಿಲ್ಲ. ಕಂಬಿಯನ್ನು ಸುರುಳಿಗೆ ಸೇರಿಸಿ ಮೆಟ್ಟಿಲ ಮೇಲೆ ಕೂತರು. ಮೆಟ್ಟಿಲ ಕೆಳಗೆ ಕ್ಷೌರಿಕ, ಬಡಗಿ, ದಿನಸಿಗೆ ಬಂದ ಗಿರಾಕಿಗಳು, ಅರ್ಧ ಬೀದಿಯೇ ಸೇರಿತ್ತು. ಅವರಿಗೆಲ್ಲ ಕೇಳಲಿ ಎಂದೇ ದನಿ ಎತ್ತಿದರು.

"ಹಿಡಿ ಯಾರು ತೆಗೆದದ್ದು ಅಂತ ಮನೆಯವರು ಹೇಳಲಿ. ಆಮೇಲೆ ತೆಗೀತೀನಿ."

ಒಳಗೆ ಅಪ್ಪ ಬಾಗಿಲು ಗುದ್ದಿದರು, ಬೈದರು, ನಿನ್ನನ್ನು ಒಳಗೆ ಹಾಕಿಸುತ್ತೇನೆ ಎಂದರು. ಈಗ ಒಳಗಿರುವವರು ಯಾರು ಎಂದು ಕೆಳಗಿಂದ ಯಾರೋ ಕಿಸಕ್ಕೆಂದರು. ಈ ಗದ್ದಲದ ಅಡಿಯಲ್ಲಿ ಅಮ್ಮನ ನರಳಾಟ ಕೇಳುತ್ತಲೇ ಇತ್ತು. ಅಮ್ಮ ನೆಲದ ಮೇಲೆ ಬಿದ್ದಿದ್ದಾರೆ, ಮೊದಲು ತೆಗೆಯಿರಿ ಎಂದು ಮಾವನ ಕೈ ಹಿಡಿದು ಎಳೆದೆ. ನಿನ್ನನ್ನು ಕೇಳಿಲ್ಲ ಎಂದರು. ಅವರ ಮುಖದಲ್ಲಿ ನೆಮ್ಮದಿಯಿತ್ತು. ಊದಿದ ಕಿವಿಯ ಸೇಡು ಕಡೆಗೂ ಕೈಗೆ ಸಿಕ್ಕ ನೆಮ್ಮದಿ. ಆ ಕ್ಷಣದಲ್ಲಿ ನನಗೆ ಬಾಗಿಲ ಆ ಕಡೆಯ ಗಂಡಸಿಗೂ ಈ ಕಡೆಯ ಗಂಡಸಿಗೂ ವ್ಯತ್ಯಾಸ ಕಾಣಲಿಲ್ಲ. ಇಬ್ಬರ ಹಟಕ್ಕೂ ನೆಲದ ಮೇಲೆ ನರಳುತ್ತಿದ್ದವರು ನನ್ನಮ್ಮ. ಹಾಗೆಂದು ಬಾಯಿಬಿಟ್ಟು ಹೇಳಿದೆ ಕೂಡ. ಕಳ್ಳ ಅಲ್ಲದಿದ್ದರೆ ಕಟುಕ ನೀವು ಎಂದೆ. ಮಾವ ಕದಲಲಿಲ್ಲ.

ಉತ್ತರ ಬಂದದ್ದು ಅಮ್ಮನಿಂದ. ದನಿ ಸಣ್ಣಗಿತ್ತು, ಆದರೆ ಕೆಳಗಿನವರೆಲ್ಲ ಉಸಿರು ಬಿಗಿ ಹಿಡಿದಿದ್ದರಿಂದ ಎಲ್ಲರಿಗೂ ಕೇಳಿತು.

"ಬೀಗರೇ, ಇವರೇ ತೆಗೆದದ್ದು. ಮೊಮ್ಮಗಳು ಹುಟ್ಟಿದ ವಾರ. ಈಗ ಬಾಗಿಲು ತೆಗೀರಿ, ನೋವು ತಡೆಯಕ್ಕಾಗ್ತಿಲ್ಲ."

ಮಾವ ಎದ್ದರು. ಈ ಸಲ ಬೀಗ ತೆಗೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೆನ್ನು ತಿರುಗಿಸಲೂ ಇಲ್ಲ. ಬಾಗಿಲನ್ನು ಪೂರ್ತಿ ತೆರೆದು, ಅಡ್ಡ ನಿಂತ ಅಪ್ಪನನ್ನು ಹೆಗಲಿನಿಂದ ಸರಿಸಿ, ನನಗಿಂತ ಮೊದಲು ಒಳಗೆ ಕಾಲಿಟ್ಟರು. ಮೇಲಿನ ಡಬ್ಬ ತೆಗೆಯಲು ಸ್ಟೂಲ್ ಹತ್ತಿ ಅಮ್ಮ ಬಿದ್ದಿದ್ದರು, ಸೊಂಟದ ಹತ್ತಿರ ಕಾಲು ಓರೆಯಾಗಿತ್ತು. ಮಾವ ಮತ್ತು ಬಡಗಿ ಸೇರಿ ಬೆಂಚೊಂದರ ಮೇಲೆ ಮಲಗಿಸಿ ಇಳಿಸಿದರು. ನನ್ನ ಮನೆಯಿಂದ ಇಳಿ ಎಂದು ಅಪ್ಪ ಕೂಗುತ್ತಲೇ ಇದ್ದರು. ಇಳೀತಾ ಇದ್ದೀನಲ್ಲ ಎಂದರು ಮಾವ, ತಿರುಗಿ ನೋಡದೆ.

ಆಸ್ಪತ್ರೆಯಿಂದ ಬಿಡುವ ದಿನ ಅಮ್ಮ ಗಂಡನ ಮನೆಗೆ ಹೋಗುವುದಿಲ್ಲ ಎಂದರು. ಅತ್ತೆ ಮೊದಲೇ ನಮ್ಮಲ್ಲಿ ಹಾಸಿಗೆ ಹಾಸಿ ಇಟ್ಟಿದ್ದರು. ಅಪ್ಪ ಅಂಗಡಿಯಲ್ಲಿ ತೂಕ ಮಾಡುತ್ತಾ ನಮ್ಮ ಗಾಡಿ ಎದುರಿಗೆ ನಿಂತದ್ದನ್ನು ನೋಡಿದರು, ತೂಕ ಮಾಡುತ್ತಲೇ ಇದ್ದರು. ಬೀದಿಯ ಜನ ಅವರಿಗೆ ಬುದ್ಧಿ ಹೇಳಿದರು, ಛೀ ಥೂ ಎಂದರು ಎಂದುಕೊಂಡಿದ್ದರೆ ಅದು ನಿಮ್ಮ ಭ್ರಮೆ. ಮಾರನೆಯ ದಿನವೇ ಎಲ್ಲರೂ ಅಲ್ಲೇ ದಿನಸಿ ಕೊಂಡರು. ಹಳೇ ಮನೆ, ಹಿಡಿ ಸಡಿಲವಾಗಿ ಬಿದ್ದಿರಬೇಕು ಎನ್ನುವ ಮಾತು ವಾರದೊಳಗೆ ಹುಟ್ಟಿತು. ಮಾವನ ಬಗ್ಗೆ ಮಾತ್ರ ಮರೆಯಲಿಲ್ಲ. ಮುದುಕಿ ನೆಲದ ಮೇಲೆ ಒದ್ದಾಡುತ್ತಿದ್ದರೆ ಮೆಟ್ಟಿಲ ಮೇಲೆ ಕೂತು ಮಜಾ ನೋಡಿದ ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ. ಅದು ಸುಳ್ಳಲ್ಲ. ಆದರೆ ಅದನ್ನು ಹೇಳುವ ಹಕ್ಕು ನನ್ನದು, ಇವರದ್ದಲ್ಲ.

ಮೊದಲ ದಿನಗಳಲ್ಲಿ ಅಮ್ಮನ ಹತ್ತಿರ ಜಗಳವಾಡಿದೆ. ಒಂದು ಕೂಗು ಹಾಕಬಾರದಿತ್ತೇ, ಚೀಟಿ ಎಸೆಯಬಾರದಿತ್ತೇ, ಕಿಟಕಿಯಲ್ಲಿ ಕೈಯಾದರೂ ಆಡಿಸಬಾರದಿತ್ತೇ ಎಂದೆ.  ಕೂಗಿದ್ದರೆ ನೀನು ಬರುತ್ತಿದ್ದೆ, ಬೀಗ ತೆಗೆಯಲು ನಿಮ್ಮ ಮಾವನನ್ನೇ ಕರೆತರುತ್ತಿದ್ದೆ, ಅವರು ಕೈ ಹಾಕಿದರೆ ಸಾಕು ಕಳ್ಳತನದ ಕೇಸು ಹಾಕಿಸುತ್ತೇನೆ ಎಂದು ನಿಮ್ಮಪ್ಪ ಹೇಳಿದ್ದರು ಎಂದರು ಅಮ್ಮ. ಆ ಹೊತ್ತಿಗೆ ಮಾವ ಊಟಕ್ಕೆ ಬಂದು ಕೈ ತೊಳೆಯುತ್ತಿದ್ದರು. ಕೇಳಿಸಿತು ಎನ್ನುವುದು ನನಗೆ ಗೊತ್ತಾಯಿತು, ಏಕೆಂದರೆ ಅವತ್ತು ಅವರು ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದರು.

ಅಮ್ಮ ಕೋಲು ಹಿಡಿದು ನಡೆಯುವಂತಾದ ಮೇಲೆ ಮೊದಲು ಮಾಡಿದ ಕೆಲಸ ವಿಚಿತ್ರವಾಗಿತ್ತು. ನಮ್ಮ ಮನೆಯ ಬಾಗಿಲುಗಳನ್ನು ಒಂದೊಂದಾಗಿ ಒಳಗಿಂದ ಮುಚ್ಚಿ, ಒಳಗಿಂದ ತೆಗೆದು ನೋಡಿದರು. ಮಲಗುವ ಕೋಣೆ, ಬಚ್ಚಲು, ಓಣಿಯ ಬಾಗಿಲು. ಮೊಮ್ಮಗಳು ಆಟವೆಂದುಕೊಂಡು ಹಿಂದೆ ಹಿಂದೆ ಸುತ್ತಿದಳು. ಕೊನೆಗೆ ಅಡುಗೆಮನೆಗೆ ಬಂದು ಮುಂದಿನ ಗೋಡೆಯ ಹತ್ತಿರ ನಿಂತರು. ಅಲ್ಲಿ ನಾನು ಜರಡಿ, ಸೌಟು, ಮಸಿಬಟ್ಟೆ ನೇತುಹಾಕುತ್ತೇನೆ. ಅಮ್ಮ ಮಸಿಬಟ್ಟೆ ಸರಿಸಿದರು. ಅದು ಗೋಡೆಯಲ್ಲ, ಬಾಗಿಲು. ಅಡುಗೆಮನೆಯಿಂದ ನೇರ ಅಂಗಡಿಗೆ ಹೋಗುವ ಬಾಗಿಲು. ನಾನು ಮದುವೆಯಾಗಿ ಬಂದ ವಾರವೇ ಮಾವ ಅದರ ಈ ಕಡೆಯ ಹಿಡಿಯನ್ನು ಬಿಚ್ಚಿದ್ದರು, ಎದುರು ಮನೆಯ ಕಣ್ಣು ಅಂಗಡಿಗೆ ಬೀಳಬಾರದು ಎಂದು. ಮೊದಮೊದಲು ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಆಮೇಲೆ ಮೊಳೆ ಹೊಡೆದು ಸೌಟು ನೇತುಹಾಕಿದೆ. ಮಾವನ ಚಹಾವನ್ನು ಓಣಿ ಸುತ್ತಿ, ಬೀದಿಯ ಮೇಲೆ ಹೊತ್ತುಕೊಂಡು ಹೋಗಿ ಕೊಡುವುದು ರೂಢಿಯಾಯಿತು. ಅದು ಬಾಗಿಲು ಎನ್ನುವುದನ್ನೇ ನಾನು ಮರೆತಿದ್ದೆ. ಅಪ್ಪನ ಮಹಡಿಯಲ್ಲಿ ಅಷ್ಟು ಕೂಗಾಡಿದ ನನಗೆ ನನ್ನ ಅಡುಗೆಮನೆಯ ಈ ಬಾಗಿಲು ನೆನಪಿಗೂ ಬಂದಿರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಹೊತ್ತಿಗೆ ಮಾವ ನೀರು ಕುಡಿಯಲು ಒಳಗೆ ಬಂದರು. ಅಮ್ಮ ಕೋಲಿನ ಮೇಲೆ ಭಾರ ಬಿಟ್ಟು ಅವರ ಕಡೆ ತಿರುಗಿದರು.

"ಬೀಗರೇ, ಇದಕ್ಕೆ ಈ ಕಡೆ ಹಿಡಿ ಇಲ್ವಲ್ಲ."

"ಅದು ಅಂಗಡಿ ಬಾಗಿಲು" ಎಂದರು ಮಾವ. "ಒಂದು ಭದ್ರ ಇರಲಿ ಅಂತ."

"ಅವರೂ ಹಾಗೇ ಅಂದಿದ್ರು" ಎಂದರು ಅಮ್ಮ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಮಾವ ಅದಕ್ಕೆ ಎರಡು ಪಾಲು ಕೊಡುತ್ತಿದ್ದರು, ಅದು ಅವರಿಗೆ ಗೊತ್ತಿದ್ದ ವಿದ್ಯೆ. ಲೋಟ ಕೈಯಲ್ಲೇ ಹಿಡಿದು ನಿಂತರು. ಅತ್ತೆಯ ಕಡೆ ನೋಡಿದರು. ಯಾವುದಕ್ಕೂ ನಗುವ ಅತ್ತೆ ನಗಲಿಲ್ಲ. ಕುಡಿಯದ ನೀರನ್ನು ಅಲ್ಲೇ ಇಟ್ಟು ಓಣಿಯಿಂದ ಅಂಗಡಿಗೆ ಹೋದರು.

ಮಾರನೆಯ ಬೆಳಿಗ್ಗೆ ಅಂಗಡಿಯ ಷಟರ್ ಎತ್ತಲಿಲ್ಲ. ನನ್ನ ಸೌಟು ಜರಡಿಗಳನ್ನು ತಾವೇ ತೆಗೆದು ನೆಲದ ಮೇಲೆ ಜೋಡಿಸಿ, ಮೊಳೆಗಳನ್ನು ಕಿತ್ತು, ಅಂಗಡಿಯಲ್ಲಿದ್ದ ಒಳ್ಳೆಯ ಹಿತ್ತಾಳೆಯ ಹಿಡಿಯೊಂದನ್ನು ಆ ಬಾಗಿಲಿಗೆ ಹಾಕಿದರು. ತಿರುಗಿಸಿ ನೋಡಿದರು, ಸರಾಗವಾಗಲೆಂದು ಪೆನ್ಸಿಲ್ ಸೀಸದ ಪುಡಿ ಹಾಕಿ ಮತ್ತೆ ತಿರುಗಿಸಿದರು. ಒಂದು ಮಾತಾಡಲಿಲ್ಲ. ನಾನು ಒಲೆಯ ಮುಂದೆಯೇ ಇದ್ದೆ, ನಾನೂ ಆಡಲಿಲ್ಲ.

ಅಮ್ಮ ಈಗ ಆ ಬಾಗಿಲಿನಿಂದ ಹೋಗಿ ಬೆಂಚಿನ ಪಕ್ಕ ಕೂತು ಬೀದಿ ನೋಡುತ್ತಾರೆ, ತಕ್ಕಡಿಯ ಹಿಂದೆ ಕೂತ ಅಪ್ಪನಿಗೆ ಕಾಣುವ ಹಾಗೆಯೇ ಕೂರುತ್ತಾರೆ. ನನ್ನ ಮಗಳು ಓಡಾಡುತ್ತಾಳೆ. ನಾನು ಮಾತ್ರ ಚಹಾವನ್ನು ಈಗಲೂ ಓಣಿ ಸುತ್ತಿಯೇ ಕೊಂಡೊಯ್ಯುತ್ತೇನೆ. ಲೋಟ ತೆಗೆದುಕೊಳ್ಳುವಾಗ ಮಾವ ಒಂದು ಕ್ಷಣ ನನ್ನ ಮುಖ ನೋಡುತ್ತಾರೆ, ನಾನು ನೋಡುವುದಿಲ್ಲ. ಹಿಡಿ ಹಾಕುವುದು ಅವರಿಗೆ ನೀರು ಕುಡಿದಷ್ಟು ಸುಲಭದ ಕೆಲಸ. ಬಾಯಿ ಬಿಟ್ಟು, ನನ್ನ ಹೆಸರು ಹಿಡಿದು, ಬಾ ಎಂದು ಕರೆಯಲಿ, ಆಗ ಹೋಗುತ್ತೇನೆ.